ಮದ್ಯತ್ಯಾಗವ್ರತವೂ ವಂಶ–ಬಾಲ್ಯಗಳ ಪ್ರಭಾವವೂ

ಶ್ರಾವಕನ ಅಷ್ಟಮೂಲಗುಣಗಳನ್ನು ಆಚಾರ್ಯರೆಲ್ಲರೂ ಒಂದೇ ಬಗೆಯಾಗಿ ಎಣಿಸಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಪಂಚಾಣುವ್ರತಗಳನ್ನು ಸೇರಿಸಿದರೆ, ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅದೇ ಮೂರರೊಡನೆ ಐದು ಉದುಂಬರ ಫಲಗಳ ತ್ಯಾಗವನ್ನು ಸೇರಿಸುತ್ತಾರೆ. ಉಳಿದ ಐದರಲ್ಲಿ ಭೇದವಿದ್ದರೂ ಮದ್ಯತ್ಯಾಗದ ವಿಷಯದಲ್ಲಿ ಭೇದವಿಲ್ಲ. ಸಪ್ತವ್ಯಸನಗಳ ಎಣಿಕೆಯಲ್ಲಿಯೂ ಮದ್ಯವು ತಪ್ಪದೆ ಬರುತ್ತದೆ. ದಿಗಂಬರ ಜೈನ ಮನೆಗಳ ಮಕ್ಕಳು ಈ ವ್ರತವನ್ನು ಉಪದೇಶದಿಂದ ಕಲಿಯುವುದಕ್ಕಿಂತ ಮನೆಯ ರೂಢಿಯಿಂದಲೇ ಪಡೆಯುವುದು ಹೆಚ್ಚು.

ಹೀಗಿದ್ದೂ ವ್ರತಸ್ಥರ ಮನೆಯ ಮಗನೊಬ್ಬನು ಕುಡಿತಕ್ಕೆ ಬಿದ್ದಾಗ ಮನೆಯವರ ಬಾಯಿಂದ ಎರಡು ಮಾತುಗಳು ಹೊರಡುತ್ತವೆ. “ನಮ್ಮ ವಂಶದಲ್ಲಿಯೇ ಇದಿರಲಿಲ್ಲ” ಎಂಬುದು ಒಂದು. “ಎಲ್ಲ ಅವನ ಕರ್ಮ” ಎಂಬುದು ಇನ್ನೊಂದು. ಮೊದಲನೆಯದು ಅವನನ್ನು ವಂಶದಿಂದ ಹೊರಗೆ ನಿಲ್ಲಿಸುತ್ತದೆ. ಎರಡನೆಯದು ಮನೆಯವರನ್ನು ಹೊಣೆಯಿಂದ ಬಿಡಿಸುತ್ತದೆ. ವಂಶ ಮತ್ತು ಬಾಲ್ಯಗಳ ವಿಷಯದಲ್ಲಿ ಈಗ ತಿಳಿದುಬಂದಿರುವ ಸಂಗತಿಗಳ ಮುಂದೆ ಈ ಎರಡು ಮಾತುಗಳೂ ನಿಲ್ಲುವಂತೆ ತೋರುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಮಲೆಯು ಜೈನರಿಗೆ ಹೊಸ ನೆಲವಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ. ಅಲ್ಲಿ ಪ್ರಾಚೀನ ಬಸದಿಗಳಿವೆ. ಕಳಸ–ಕಾರ್ಕಳಗಳನ್ನಾಳಿದ ಭೈರರಸರು ಜೈನರು. ಅವರಲ್ಲಿ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠೆ ಮಾಡಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿತೋಟಗಳು ಹಬ್ಬಿದ ಮೇಲೆ ಮಲೆಯ ಬದುಕು ಬೇರೆಯಾಯಿತು. ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಕೂಲಿಯವರು ಲೈನುಮನೆಗಳಲ್ಲಿ ನೆಲಸಿದರು. ಈಚೆಗೆ ಅಸ್ಸಾಮಿನಂಥ ದೂರದ ರಾಜ್ಯಗಳವರೂ ಬರುತ್ತಿದ್ದಾರೆ. ಬಗನಿಮರದ ಕಳ್ಳು ಮಲೆನಾಡಿಗೆ ಹಳೆಯದು. ಅದರ ಮೇಲೆ ಸಾರಾಯಿ ಬಂದಿತು. 2007ರ ಜುಲೈ 1ರಿಂದ ರಾಜ್ಯ ಸರ್ಕಾರವು ಸಾರಾಯಿಯನ್ನು ನಿಷೇಧಿಸಿದಾಗ ಅದರ ಸ್ಥಾನಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಗಳು ಬಂದು ಕುಳಿತವು. ಮಳೆಚಳಿಗೆ ಮದ್ಯವೇ ಮದ್ದು ಎಂಬ ಮಾತು ತೋಟದ ಬಂಗಲೆಯಲ್ಲಿಯೂ ಲೈನಿನಲ್ಲಿಯೂ ಸಮನಾಗಿ ಕೇಳಿಬರುತ್ತದೆ. ವಾಸ್ತವವಾಗಿ ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಕುಡಿದವನಿಗೆ ಬೆಚ್ಚಗಾದಂತೆ ತೋರುವ ಹೊತ್ತಿನಲ್ಲಿಯೇ ಅವನ ದೇಹವು ತಣ್ಣಗಾಗುತ್ತಿರುತ್ತದೆ.

ಇನ್ನು ವಂಶದ ವಿಷಯ. ತಂದೆ ಕುಡುಕನಾದರೆ ಮಗನೂ ಕುಡುಕನಾಗುವುದು ರಕ್ತದಿಂದಲೋ ಅಥವಾ ಕಂಡು ಕಲಿತುದರಿಂದಲೋ ಎಂಬುದು ಹಳೆಯ ಪ್ರಶ್ನೆ. 1973ರಲ್ಲಿ ಗುಡ್‌ವಿನ್ ಎಂಬ ವೈದ್ಯ ಮತ್ತು ಅವನ ಸಹೋದ್ಯೋಗಿಗಳು ಡೆನ್ಮಾರ್ಕ್ ದೇಶದ ದತ್ತುಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವು ಇದಕ್ಕೆ ಒಂದು ದಾರಿ ತೋರಿಸಿತು. ಹುಟ್ಟಿದ ಆರು ವಾರಗಳೊಳಗೆ ಹೆತ್ತವರಿಂದ ಬೇರೆಯಾಗಿ ಪರರ ಮನೆಯಲ್ಲಿ ಬೆಳೆದ ಗಂಡುಮಕ್ಕಳಲ್ಲಿ, ಹೆತ್ತವರು ವ್ಯಸನಿಗಳಾಗಿದ್ದವರ ಪೈಕಿ ನೂರಕ್ಕೆ 18 ಮಂದಿ ಮದ್ಯವ್ಯಸನಿಗಳಾದರು. ಹೆತ್ತವರಿಗೆ ವ್ಯಸನವಿಲ್ಲದವರ ಪೈಕಿ ನೂರಕ್ಕೆ 5 ಮಂದಿ. ತಂದೆಯ ಮುಖವನ್ನೇ ಕಾಣದ ಮಕ್ಕಳಲ್ಲಿಯೂ ಅಪಾಯವು ಮೂರು ನಾಲ್ಕು ಪಟ್ಟಾದುದು ಗಮನಾರ್ಹ. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ, ವ್ಯಸನಿಗಳ ಮಕ್ಕಳಾಗಿಯೂ ನೂರಕ್ಕೆ 82 ಮಂದಿ ವ್ಯಸನಿಗಳಾಗಲಿಲ್ಲ. ಈ ಎರಡನೆಯ ಓದನ್ನು ಜನರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅನಂತರದ ಅವಳಿಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮದ್ಯವ್ಯಸನದ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗವು ಆನುವಂಶಿಕವೆಂದು ತಿಳಿದುಬಂದಿದೆ. ವ್ಯಸನಿಯ ಮಗನು ವ್ಯಸನಿಯಾಗುವ ಸಂಭವ ಅರ್ಧಕ್ಕರ್ಧ ಎಂದು ಇದನ್ನು ತಪ್ಪಾಗಿ ತಿಳಿಯಬಾರದು. ಕುಡಿತದ ವಂಶವಾಹಿ ಎಂಬ ಒಂದೇ ವಂಶವಾಹಿ ಇಲ್ಲ. ಅನೇಕ ವಂಶವಾಹಿಗಳು ಒಂದೊಂದೂ ಅಲ್ಪಪ್ರಮಾಣದಲ್ಲಿ ಕೆಲಸ ಮಾಡುತ್ತವೆ: ಕೆಲವು ಯಕೃತ್ತಿನಲ್ಲಿ ಮದ್ಯವು ಜೀರ್ಣವಾಗುವ ವೇಗವನ್ನು, ಕೆಲವು ಸ್ವಭಾವದ ಆತುರವನ್ನು, ಕೆಲವು ಅಮಲಿನಿಂದ ಬರುವ ಸುಖದ ತೀವ್ರತೆಯನ್ನು ಹೆಚ್ಚುಕಡಿಮೆ ಮಾಡುತ್ತವೆ. “ಎಷ್ಟು ಕುಡಿದರೂ ನನಗೆ ಏರುವುದಿಲ್ಲ” ಎಂದು ಹೆಮ್ಮೆಪಡುವ ತರುಣನು ತನ್ನ ಅಪಾಯವನ್ನು ತಾನೇ ಸಾರುತ್ತಿರುತ್ತಾನೆ. ಅಮೆರಿಕದ ಶುಕಿಟ್ ಎಂಬ ವಿದ್ವಾಂಸನು ವ್ಯಸನಿಗಳ ಮಕ್ಕಳಲ್ಲಿ ಈ ಲಕ್ಷಣವೇ ಹೆಚ್ಚೆಂದೂ, ಅದು ಇದ್ದವರು ಮುಂದೆ ವ್ಯಸನಿಗಳಾಗುವುದು ಹೆಚ್ಚೆಂದೂ ತೋರಿಸಿದ್ದಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆದ ಸಂಶೋಧನೆಗಳೂ, ವ್ಯಸನಿ ತಂದೆಯರ ಮಕ್ಕಳಲ್ಲಿ, ಮದ್ಯವನ್ನು ಮುಟ್ಟುವ ಮೊದಲೇ, ಮಿದುಳಿನ ವಿದ್ಯುತ್ ಸ್ಪಂದನದಲ್ಲಿ ಭೇದವಿರುವುದನ್ನು ಗುರುತಿಸಿವೆ.

ಇಲ್ಲಿ ವ್ರತಸ್ಥ ಮನೆಗಳು ವಿಶೇಷವಾಗಿ ಆಲೋಚಿಸಬೇಕಾದ ಒಂದು ಸಂಗತಿಯಿದೆ. ಕುಡಿಯುವ ಮನೆತನಗಳಲ್ಲಿ ಅಜ್ಜ, ಚಿಕ್ಕಪ್ಪ, ಸೋದರಮಾವಂದಿರನ್ನು ನೋಡಿ ಮಗನ ಅಪಾಯವನ್ನು ಒಂದಿಷ್ಟು ಊಹಿಸಬಹುದು. ಏಳು ತಲೆಮಾರು ಮದ್ಯವನ್ನೇ ಮುಟ್ಟದ ಮನೆಯಲ್ಲಿ ಹೀಗೆ ಊಹಿಸಲು ಆಧಾರವೇ ಇಲ್ಲ. ಬೀಜವಿದ್ದರೂ ನೀರು ಸಿಕ್ಕದೆ ಮೊಳೆಯದೆ ಉಳಿದಿರಬಹುದು. ಅಜ್ಜನು ಕುಡಿಯದಿದ್ದುದು ಅವನ ರಕ್ತದ ಗುಣದಿಂದಲ್ಲ, ವ್ರತದಿಂದ. ಆದಕಾರಣ “ನಮ್ಮ ವಂಶದಲ್ಲಿ ಇಲ್ಲ” ಎಂಬ ಮಾತು ವ್ರತದ ವಿಷಯದಲ್ಲಿ ಸತ್ಯ, ದೇಹದ ವಿಷಯದಲ್ಲಿ ಪ್ರಮಾಣವಿಲ್ಲದ್ದು. ಬೆಂಗಳೂರಿಗೆ ನೌಕರಿಗೆ ಹೋದ ಮಗನು ಗೆಳೆಯರ ಬಲವಂತಕ್ಕೆ ಮೊದಲ ಲೋಟವನ್ನೆತ್ತಿದಾಗ ತನ್ನಲ್ಲಿ ಏನು ಅಡಗಿದೆಯೆಂಬುದು ಅವನಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಎಲೆಯಡಿಕೆಯ ತಟ್ಟೆಯಲ್ಲಿ ಹೊಗೆಸೊಪ್ಪನ್ನು ಬಿಡದ ಹಿರಿಯರಿರುವ ಮನೆಗಳಲ್ಲಿ ಮಾತ್ರ ಒಂದು ಸುಳಿವುಂಟು. ಹೊಗೆಸೊಪ್ಪಿಗೂ ಮದ್ಯಕ್ಕೂ ಒಲಿಯುವ ಆನುವಂಶಿಕ ಪ್ರವೃತ್ತಿಯಲ್ಲಿ ಒಂದು ಪಾಲು ಸಮಾನವಾದುದು. ಮದ್ಯವನ್ನು ಬಿಟ್ಟೆವೆಂಬ ಸಮಾಧಾನದಲ್ಲಿ ಈ ತಟ್ಟೆಯ ಕಡೆಗೆ ಕಣ್ಣು ಹಾಯಿಸದವರು ಬಹಳ ಮಂದಿ.

ಬಾಲ್ಯದ ವಿಷಯವು ಇದಕ್ಕಿಂತಲೂ ಮನಸ್ಸನ್ನು ತಟ್ಟುವಂಥದು. 1998ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಫೆಲಿಟ್ಟಿ, ಆಂಡಾ ಮೊದಲಾದ ವೈದ್ಯರು 9,508 ಮಂದಿ ವಯಸ್ಕರನ್ನು ಕುರಿತ ವರದಿಯನ್ನು ಪ್ರಕಟಿಸಿದರು. ಹದಿನೆಂಟು ವರ್ಷದೊಳಗೆ ಹೊಡೆತ ಬಡಿತ, ನಿಂದೆ, ಲೈಂಗಿಕ ಹಿಂಸೆಗಳಿಗೆ ಗುರಿಯಾದುದು, ತಾಯಿಗೆ ಬೀಳುವ ಪೆಟ್ಟನ್ನು ಕಂಡುದು, ಮನೆಯಲ್ಲಿ ಕುಡಿತ, ಮನೋರೋಗ ಅಥವಾ ಸೆರೆವಾಸ ಇದ್ದುದು, ಇಂತಹ ಏಳು ಬಗೆಯ ಕಷ್ಟಗಳನ್ನು ಅವರು ವಿಚಾರಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಉಂಡವರಲ್ಲಿ ಮದ್ಯವ್ಯಸನ, ಮಾದಕದ್ರವ್ಯ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಸಂಭವವು, ಯಾವ ಕಷ್ಟವನ್ನೂ ಕಾಣದವರಿಗಿಂತ, 4ರಿಂದ 12 ಪಟ್ಟು ಹೆಚ್ಚಾಗಿತ್ತು. ಆ ಜನರು ಬಡವರಲ್ಲ. ಬಹುಪಾಲು ವಿದ್ಯಾವಂತರು, ಆರೋಗ್ಯವಿಮೆಯುಳ್ಳವರು. ಬಾಲ್ಯದ ಕಷ್ಟವೆಂದೊಡನೆ ಲೈನುಮನೆಯ ಮಕ್ಕಳನ್ನು ಮಾತ್ರ ನೆನೆಯುವವರು ಇದನ್ನು ಗಮನಿಸುವುದು ಒಳ್ಳೆಯದು.

ಲೈನುಮನೆಯ ಕಷ್ಟವು ಕಣ್ಣಿಗೆ ಕಾಣುವಂಥದು. ಬಟವಾಡೆಯ ಸಂಜೆ ತಂದೆಯು ಸಂತೆಯಿಂದ ಯಾವ ಸ್ಥಿತಿಯಲ್ಲಿ ಬರುವನೋ ಎಂದು ಬಾಗಿಲು ನೋಡುವ ಮಗುವಿನ ದೇಹವು ಸದಾ ಎಚ್ಚರದಲ್ಲಿರಲು ಕಲಿಯುತ್ತದೆ. ಆಪತ್ಕಾಲಕ್ಕೆಂದು ದೇಹವಿಟ್ಟುಕೊಂಡ ರಸಗಳು ದಿನದಿನವೂ ಸ್ರವಿಸಿದರೆ, ಬೆಳೆಯುವ ಮಿದುಳು ಅದಕ್ಕೆ ಹೊಂದಿಕೊಂಡೇ ಬೆಳೆಯುತ್ತದೆ. ಮುಂದೆ ಅಂಥವನಿಗೆ ಮದ್ಯವು ಸುಖವನ್ನು ಕೊಡುವುದಕ್ಕಿಂತ ಹೆಚ್ಚಾಗಿ ಆ ಎಚ್ಚರಕ್ಕೆ ಬಿಡುವನ್ನು ಕೊಡುತ್ತದೆ. ಅದನ್ನು ಬಿಡುವುದು ಆ ಕಾರಣದಿಂದಲೇ ಕಠಿಣ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆಯು 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೊಠಡಿಯನ್ನು ವಿಧಿಸಿತ್ತು. ಹಣ್ಣು ಕುಯ್ಯುವ ಕಾಲದಲ್ಲಿ ತಾಯಿ ಹಿಂದಿರುಗುವವರೆಗೆ ಒಬ್ಬ ನಂಬಿಗಸ್ತ ಆಯಾ ಮಗುವಿನ ಬಳಿ ಇರುವುದು ಕೂಲಿಯ ಲೆಕ್ಕಕ್ಕೆ ಮಾತ್ರ ಸೇರಿದ ವಿಷಯವಲ್ಲವೆಂದು ತೋಟವುಳ್ಳ ಶ್ರಾವಕರು ಈಗ ತಿಳಿಯಬಹುದು.

ದೊಡ್ಡಮನೆಯ ಕಷ್ಟವು ಕಾಣುವುದಿಲ್ಲ. ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಇಬ್ಬರು ಹುಡುಗರು, ತಾಯಿ ಅಕಾಲದಲ್ಲಿ ತೀರಿಕೊಂಡರು. ಚಿಕ್ಕವನನ್ನು ಅಜ್ಜಿ ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡರು. ಎಂಟು ವರ್ಷದ ಹಿರಿಯವನನ್ನು, ಜಾಣನೆಂದು, ದೂರದ ಹಾಸ್ಟೆಲಿಗೆ ಸೇರಿಸಿದರು. ರಜೆಗೆ ಬಂದಾಗ ತಾಯಿಯ ಹೆಸರೆತ್ತಿದರೆ ತಂದೆ ಎದ್ದುಹೋಗುವರು. ಇಬ್ಬರದೂ ಒಂದೇ ವಂಶ, ಒಂದೇ ಬಸದಿ, ಒಂದೇ ವ್ರತ. ಮೂವತ್ತರಲ್ಲಿ ಹಿರಿಯವನು ಕುಡಿಯತೊಡಗಿದರೆ “ತಮ್ಮನಿಗಿಲ್ಲದ ಚಟ ಇವನಿಗೇಕೆ?” ಎಂದು ಜನ ಕೇಳುವರು. ಅಜ್ಜಿಯ ಮಗ್ಗುಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬನೇ ಒಬ್ಬ ಹಿರಿಯನ ನಿಶ್ಚಲವಾದ ಆಸರೆ ದೊರೆತ ಮಕ್ಕಳು ಭಾರಿ ಕಷ್ಟವನ್ನೂ ದಾಟಿ ನೆಟ್ಟಗೆ ಬೆಳೆಯುವುದನ್ನು ಮಕ್ಕಳ ಮನಶ್ಶಾಸ್ತ್ರವು ಮತ್ತೆ ಮತ್ತೆ ಕಂಡಿದೆ.

ವಂಶವೂ ಬಾಲ್ಯವೂ ಪ್ರತ್ಯೇಕವಾಗಿ ಕೆಲಸ ಮಾಡುವುದಿಲ್ಲ. ಆತುರದ ಸ್ವಭಾವವನ್ನು ಹೊತ್ತು ಹುಟ್ಟಿದ ಮಗುವೇ ಹೆಚ್ಚು ಪೆಟ್ಟು ತಿನ್ನುತ್ತದೆ; ಪೆಟ್ಟು ತಿಂದು ಇನ್ನಷ್ಟು ಆತುರವಾಗುತ್ತದೆ. ಮಗುವಿಗೆ ಆ ಸ್ವಭಾವವನ್ನು ಕೊಟ್ಟ ತಂದೆಯೇ ಪೆಟ್ಟನ್ನೂ ಕೊಡುವುದುಂಟು. ನಿಮ್ಹಾನ್ಸ್ ನೇತೃತ್ವದಲ್ಲಿ ಮೈಸೂರು, ಋಷಿವ್ಯಾಲಿ, ಇಂಫಾಲ, ಕೋಲ್ಕತ್ತ, ಚಂಡೀಗಢ ಮೊದಲಾದೆಡೆ 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ಸೇರಿಸಿಕೊಂಡ ಅಧ್ಯಯನವು ಈ ಹೆಣಿಗೆಯನ್ನೇ ಭಾರತದ ಮಕ್ಕಳಲ್ಲಿ ಬಿಡಿಸಿ ನೋಡಲು ಕೈಗೊಂಡುದು. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿ ಒಂದು ಸಾದೃಶ್ಯ ಹೊಳೆಯದಿರದು: ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಉದಯಿಸುತ್ತದೆ. ವಂಶವಾಹಿಯೇ ಕರ್ಮವೆಂದುಬಿಡುವುದು ಅವಸರದ ಮಾತಾದೀತು. ಆದರೆ ನಿಮಿತ್ತವನ್ನು ಒದಗಿಸುವುದರಲ್ಲಿ ಮನೆಯವರ ಪಾಲಿರುವಾಗ, “ಅವನ ಕರ್ಮ” ಎಂದು ಕೈತೊಳೆದುಕೊಳ್ಳಲು ಸಿದ್ಧಾಂತವೂ ಅವಕಾಶ ಕೊಡುವುದಿಲ್ಲ.

ವ್ರತದ ಲೌಕಿಕ ಬಲವು ಎಲ್ಲಿದೆಯೆಂಬುದಕ್ಕೂ ಒಂದು ಲೆಕ್ಕವಿದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, 15 ವರ್ಷ ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಮದ್ಯಕ್ಕೆ ಅಧೀನರಾದರು. 20 ವರ್ಷದ ತರುವಾಯ ಆರಂಭಿಸಿದವರಲ್ಲಿ ಸುಮಾರು 10 ಮಂದಿ. ಆತುರದ ಸ್ವಭಾವದವರೇ ಬೇಗ ಆರಂಭಿಸುವುದರಿಂದ ಈ ಅಂತರವೆಲ್ಲವೂ ವಯಸ್ಸಿನದೇ ಅಲ್ಲ. ಆದರೂ ಮಿದುಳು ಬಲಿಯುವವರೆಗೆ ಮೊದಲ ಗುಟುಕನ್ನು ದೂರವಿಟ್ಟ ಮನೆಯು ಮಗನಿಗೆ ದೊಡ್ಡ ಉಪಕಾರವನ್ನೇ ಮಾಡಿದೆ.

ಬಿದ್ದವನ ವಿಷಯಕ್ಕೆ ಬಂದರೆ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಪಕ್ಕದಲ್ಲಿಯೇ ಸ್ಥಿತಿಕರಣವಿದೆ. ಪರರ ದೋಷವನ್ನು ಸಾರದಿರುವುದು ಉಪಗೂಹನ. ಜಾರಿದವನನ್ನು ಮರಳಿ ನಿಲ್ಲಿಸುವುದು ಸ್ಥಿತಿಕರಣ. ಸಮಂತಭದ್ರರು ಈ ಎರಡನೆಯದಕ್ಕೆ ವಾರಿಷೇಣನನ್ನು ಉದಾಹರಿಸುತ್ತಾರೆ. ಮನೆತನದ ಮರ್ಯಾದೆಗಾಗಿ ಮಗನ ಕುಡಿತವನ್ನು ಮುಚ್ಚಿಡುವವರು ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ತಪ್ಪಿಸುತ್ತಾರೆ. ಅಷ್ಟರಲ್ಲಿ ಅವನ ಮಕ್ಕಳು ಮುಚ್ಚಿದ ಬಾಗಿಲೊಳಗೆ ಎಲ್ಲವನ್ನೂ ಕಾಣುತ್ತಿರುತ್ತಾರೆ.

ಇನ್ನು ಕೆಲವರು ಭಕ್ತಿಯ ಆವೇಶದಲ್ಲಿ, ದಶಲಕ್ಷಣ ಪರ್ವದ ದಿನ ಅವನಿಂದ ಆಜೀವ ವ್ರತವನ್ನು ತೆಗೆಸಿ ಅಂದಿನಿಂದಲೇ ಉಪವಾಸಕ್ಕೆ ಕೂರಿಸುತ್ತಾರೆ. ಇದು ಪ್ರಾಣಾಪಾಯದ ಕೆಲಸ. ನಿತ್ಯವೂ ಹೆಚ್ಚಾಗಿ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆಗಳು ತಲೆದೋರುತ್ತವೆ. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಅಪಸ್ಮಾರದಂಥ ಸೆಳವು ಬರುತ್ತದೆ. ಎರಡು ಮೂರು ದಿನಗಳ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಮದ್ಯವ್ಯಸನಿಯ ದೇಹದಲ್ಲಿ ಥಯಾಮಿನ್ ಎಂಬ ಜೀವಸತ್ವವು ಮೊದಲೇ ಬತ್ತಿರುತ್ತದೆ. ನೀರೂ ಇಲ್ಲದ ಉಪವಾಸವು ಅವನನ್ನು ಇನ್ನಷ್ಟು ಒಣಗಿಸುತ್ತದೆ. ಥಯಾಮಿನ್ ಕೊರತೆಯಿಂದ ಮಿದುಳಿಗೆ ಮಾಯದ ಹಾನಿ ತಗಲುವುದುಂಟು. ಅದಕ್ಕಾಗಿಯೇ ವೈದ್ಯರು ಗ್ಲುಕೋಸ್ ಏರಿಸುವುದಕ್ಕೆ ಮೊದಲು ಇದನ್ನು ಕೊಡುತ್ತಾರೆ. ಸೆಳವನ್ನೂ ಸನ್ನಿಯನ್ನೂ ತಡೆಯುವ ಔಷಧಗಳಿವೆ. ಅಲ್ಪಕಾಲ ವೈದ್ಯರ ಕಣ್ಣೆದುರಿನಲ್ಲಿ ಅವುಗಳನ್ನು ಸೇವಿಸುವುದು ವ್ರತಭಂಗವೆಂದು ಅಳುಕುವ ಕಾರಣವಿಲ್ಲ.

ಚಾರ್ಮಾಡಿ ಘಟ್ಟದ ಕೆಳಗೆ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ರೂಪುಗೊಂಡ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಶಿಬಿರಾರ್ಥಿಯು ಸುಮಾರು ಒಂದು ವಾರ ಮನೆಯಿಂದ ದೂರವಿದ್ದು, ಅನಂತರ ತನ್ನಂತೆಯೇ ಬಿಟ್ಟವರ ನವಜೀವನ ಸಮಿತಿಯಲ್ಲಿ ಸೇರುತ್ತಾನೆ. ಒಂದು ವಾರದಿಂದ ಆರಂಭಿಸುವ ಈ ಕ್ರಮವು ಶ್ರಾವಕರಿಗೆ ಅಪರಿಚಿತವೂ ಅಲ್ಲ. ಕಾಲದ ಮಿತಿಯಿಟ್ಟು ಮಾಡುವ ತ್ಯಾಗವನ್ನು ನಿಯಮವೆಂದೂ ಜೀವಮಾನದ ತ್ಯಾಗವನ್ನು ಯಮವೆಂದೂ ‘ರತ್ನಕರಂಡಕ’ವು ಬೇರ್ಪಡಿಸಿದೆ. ಎಂಟು ದಿನದ ನಿಯಮವನ್ನು ಮುಗಿಸಿದವನಿಗೆ ಒಂದು ಪಕ್ಷದ ನಿಯಮ, ಅನಂತರ ಒಂದು ಚಾತುರ್ಮಾಸದ ನಿಯಮ. ನಡುವೆ ಜಾರಿದರೆ ಮತ್ತೆ ಎಂಟು ದಿನ. ದೇಹವು ಸ್ಥಿರವಾಗಿ ಊಟವು ಸೇರುವಂತಾದ ಮೇಲೆ, ವೈದ್ಯರನ್ನು ಕೇಳಿ, ಏಕಾಶನದಿಂದ ಪ್ರಾರಂಭಿಸಬಹುದು. ಉಪವಾಸವನ್ನು ಮುಂದಿನ ಭಾದ್ರಪದಕ್ಕೆ ಇಟ್ಟುಕೊಳ್ಳಬಹುದು.