ಅಡಿಕೆ ಸಿಪ್ಪೆಯಿಂದ ನ್ಯಾನೋ ಸೆಲ್ಯುಲೋಸ್: ಲ್ಯಾಬ್‌ನಲ್ಲಿ ಗೆಲ್ಲಲು 7 ಸೂತ್ರಗಳು

ಅಂಗಳದಲ್ಲಿ ಅಡಿಕೆ ಸುಲಿದು ಚಾಲಿ ಗೋಣಿಗೆ ಸೇರಿದ ಮೇಲೆ ಸಿಪ್ಪೆ ಎಲ್ಲಿಗೆ? ಬಚ್ಚಲ ಒಲೆಗೆ, ಇಲ್ಲವೇ ಮರದ ಬುಡಕ್ಕೆ. ನಿಮ್ಮ ಪ್ರಾಜೆಕ್ಟ್ ಅಲ್ಲೇ ಬಿದ್ದಿದೆ. ಹಸಿ ಅಡಿಕೆಯ ತೂಕದಲ್ಲಿ ಶೇ. 60ರಿಂದ 80 ಭಾಗ ಸಿಪ್ಪೆಯೇ. ಅದರ ನಾರನ್ನು ಒಡೆದರೆ ಸಿಗುವುದೇ ನ್ಯಾನೋ ಸೆಲ್ಯುಲೋಸ್. "ನಮ್ಮ ಕಾಲೇಜಲ್ಲಿ ಅಂಥ ಮೆಷಿನ್ ಎಲ್ಲುಂಟು ಸರ್?" ಎಂಬುದು ಬರೀ ಅಭ್ಯಾಸ. ಇವತ್ತೇ ಬಿಡಿ.

1. ಏನು ಬೇಕೆಂದು ಮೊದಲು ತೀರ್ಮಾನಿಸಿ.
ಉದ್ದನೆಯ ನ್ಯಾನೋ ಫೈಬರ್ ಬೇಕೆ? ಗ್ರೈಂಡರ್ ಅಥವಾ ಹೋಮೊಜಿನೈಸರ್ ಹುಡುಕಿ. ಗಿಡ್ಡ ಕಡ್ಡಿಯಂಥ ನ್ಯಾನೋ ಕ್ರಿಸ್ಟಲ್ ಬೇಕೆ? ಆಸಿಡ್, ಸೆಂಟ್ರಿಫ್ಯೂಜ್, ಡಯಾಲಿಸಿಸ್, ಸೋನಿಕೇಟರ್ ಸಾಕು. ಎರಡನ್ನೂ ಒಂದೇ ಸೆಮಿಸ್ಟರ್‌ಗೆ ತುರುಕಬೇಡಿ.

2. ಹಾಟ್‌ಪ್ಲೇಟ್‌ನಿಂದಲೇ ಶುರು ಮಾಡಿ.
ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯಿರಿ. ಶೇ. 4-5ರ ಕಾಸ್ಟಿಕ್ ಸೋಡಾದಲ್ಲಿ 80 ಡಿಗ್ರಿಗೆ ಎರಡು ಗಂಟೆ ಕಾಯಿಸಿ. ನೀರು ಕಣ್ಣಚಹಾದ ಬಣ್ಣಕ್ಕೆ ತಿರುಗುತ್ತದೆ. ಹೊರಬರುತ್ತಿರುವುದು ಲಿಗ್ನಿನ್, ಹೆಮಿಸೆಲ್ಯುಲೋಸ್. ತೊಳೆದು ಸೋಡಿಯಂ ಕ್ಲೋರೈಟ್‌ನಲ್ಲಿ ಬ್ಲೀಚ್ ಮಾಡಿ. ಇದು ಫ್ಯೂಮ್ ಹುಡ್‌ನೊಳಗೇ ಆಗಬೇಕು, ಏಳುವ ಗ್ಯಾಸ್ ವಿಷ. ನಾರು ಬೆಳ್ಳಗಾಗುವ ತನಕ ಬಿಡಬೇಡಿ. ಇಲ್ಲಿ ಅವಸರಪಟ್ಟವರು ಮುಂದೆ ಹೋಮೊಜಿನೈಸರ್‌ನ ಕಿರಿದಾದ ಕಂಡಿ ಕಟ್ಟಿಕೊಂಡಾಗ ಸ್ಪ್ಯಾನರ್ ಹಿಡಿದು ಕೂರುತ್ತಾರೆ.

3. ಗ್ರೈಂಡರ್‌ಗೆ ಹೆದರಬೇಡಿ.
ಹೆಸರು ಸೂಪರ್‌ಮಾಸ್‌ಕೊಲಾಯ್ಡರ್, ಜಪಾನಿನ ಮಸುಕೊ ಕಂಪನಿಯದು. ಒಳಗಿರುವುದು ಅಜ್ಜಿಯ ಬೀಸುವ ಕಲ್ಲು! ಒಂದು ಕಲ್ಲು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಶೇ. 1-2ರಷ್ಟು ತೆಳುವಾದ ಪಲ್ಪ್ ಹಾಕಿ. ಖಾಲಿ ಇದ್ದಾಗ ಕಲ್ಲಿಗೆ ಕಲ್ಲು ತಾಗಿಸಲೇಬೇಡಿ. ಪಲ್ಪ್ ಇಳಿಯತೊಡಗಿದ ಮೇಲಷ್ಟೇ ಗ್ಯಾಪ್ ಕಡಿಮೆ ಮಾಡಿ. ಮತ್ತೆ ಮತ್ತೆ ಹಾಯಿಸಿ. ನೀರು-ನಾರು ಬೇರೆಯಾಗಿ ಕಾಣುತ್ತಿದ್ದದ್ದು ಗಟ್ಟಿ ಗಂಜಿಯಾಗಿ ಚಮಚಕ್ಕೆ ಅಂಟುತ್ತದೆ. ಗ್ರೈಂಡರ್ ಸಿಗಲಿಲ್ಲವೇ? ಅಮೆರಿಕದ ಟರ್ಬಾಕ್ ಮತ್ತು ಸಂಗಡಿಗರು ನಾರನ್ನು ಹೀಗೆ ಬಿಡಿಸಿ 1983ರಲ್ಲಿ ಪ್ರಕಟಿಸಿದ ಕೆಲಸಕ್ಕೆ ಬಳಸಿದ್ದು ಹಾಲಿನ ಡೈರಿಯ ಮಾದರಿಯ ಹೋಮೊಜಿನೈಸರ್.

4. ಆಸಿಡ್ ಮುಂದೆ ಮೊಬೈಲ್ ಬದಿಗಿಡಿ.
ನ್ಯಾನೋ ಕ್ರಿಸ್ಟಲ್ ದಾರಿ ಹಿಡಿದವರಿಗೆ ಇದು: ಶೇ. 64ರ ಸಲ್ಫ್ಯೂರಿಕ್ ಆಸಿಡ್, 45 ಡಿಗ್ರಿ, ಸುಮಾರು 45 ನಿಮಿಷ. ಟೈಮರ್ ಕೂಗಿದ ಕೂಡಲೇ ಹತ್ತು ಪಟ್ಟು ತಣ್ಣೀರಿಗೆ ಸುರಿಯಿರಿ. ಹೆಚ್ಚು ಹೊತ್ತು ಬಿಟ್ಟರೆ ಸೆಲ್ಯುಲೋಸ್ ಸಕ್ಕರೆಯಾಗಿ ಕರಗಿ ಹೋಗುತ್ತದೆ. ಬಳಿಕ ಸೆಂಟ್ರಿಫ್ಯೂಜ್, ಡಯಾಲಿಸಿಸ್, ಸೋನಿಕೇಟರ್. ಡಯಾಲಿಸಿಸ್‌ಗೆ ದಿನಗಟ್ಟಲೆ ಬೇಕು. ವೈವಾ ವಾರಕ್ಕೆ ಇಡಬೇಡಿ.

5. ಓವನ್ ಮರೆತುಬಿಡಿ.
ನಾನೊಮ್ಮೆ ರಾತ್ರಿ ಜೆಲ್ಲನ್ನು ಓವನ್‌ಗಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಟ್ರೇಯಲ್ಲಿ ಹಲಸಿನ ಹಪ್ಪಳ! ನೀರಿನಲ್ಲಿ ನೆನೆಸಿದೆ, ಕಲಕಿದೆ, ಸೋನಿಕೇಟರ್‌ಗೂ ಇಟ್ಟೆ, ಹಪ್ಪಳ ಹಪ್ಪಳವೇ. ಒಣಗುವಾಗ ನಾರುಗಳು ಹೈಡ್ರೋಜನ್ ಬಾಂಡ್‌ನಿಂದ ಒಂದಕ್ಕೊಂದು ಬೆಸೆದುಕೊಂಡರೆ ಬಿಡಿಸಲು ಕಷ್ಟ. ಪುಡಿ ಬೇಕಿದ್ದರೆ ಫ್ರೀಜ್ ಡ್ರೈಯರ್ ಬಳಸಿ. ಬೇಡವಾದರೆ ಜೆಲ್ಲನ್ನು ಹಾಗೆಯೇ 4 ಡಿಗ್ರಿಯಲ್ಲಿಡಿ.

6. ಕೇಳಿ ಪಡೆಯಿರಿ.
ನಾರಿನ ಗಾತ್ರ ನೋಡುವ ಟಿಇಎಂ, ಹರಳಿನ ರಚನೆ ಅಳೆಯುವ ಎಕ್ಸ್‌ಆರ್‌ಡಿ ಸ್ವಂತದ್ದಾಗಬೇಕಿಲ್ಲ. 2020ರಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಲ್ಯಾಬ್‌ಗಳ ಉಪಕರಣಗಳ ಪಟ್ಟಿ ಇದೆ; ಸ್ಲಾಟ್ ಬುಕ್ ಮಾಡಿ. ಎಂಜಿನಿಯರಿಂಗ್ ಪ್ರಾಜೆಕ್ಟ್‌ನ ಖರ್ಚಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಗೆ (ಕೆಎಸ್‌ಸಿಎಸ್‌ಟಿ) ಪ್ರಪೋಸಲ್ ಹಾಕಿ. ಅಡಿಕೆಯ ಪ್ರಶ್ನೆ ಇದ್ದರೆ ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ಕೇಂದ್ರವೇ ಇದೆ. ಮುಂಬೈನ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿರ್ಕಾಟ್‌ನಲ್ಲಿ ನ್ಯಾನೋ ಸೆಲ್ಯುಲೋಸ್‌ನ ಪೈಲಟ್ ಪ್ಲಾಂಟ್ ಕೂಡ ಇದೆ. ಒಂದು ಈಮೇಲ್‌ಗೆ ಉತ್ತರ ಬರಲಿಲ್ಲವೆಂದು ಮುಖ ಸಪ್ಪೆ ಮಾಡಬೇಡಿ, ಫೋನ್ ಮಾಡಿ.

7. ಲೇಬಲ್ ಹಚ್ಚಿ.
ದಿನಾಂಕ, ಎಷ್ಟು ಪಾಸ್, ಶೇಕಡಾ ಎಷ್ಟು ಘನಾಂಶ, ಯಾವ ತೋಟದ ಸಿಪ್ಪೆ, ಹಸಿಯೋ ಒಣಗಿದ್ದೋ. ಬಾಟಲಿಯ ಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾಗುತ್ತದೆ.