ಎಲ್‌ಡಿಎಲ್ ಇಳಿಯುವುದು ಹೇಗೆ, ಎಷ್ಟು ದಿನಕ್ಕೆ?

ರಕ್ತಪರೀಕ್ಷೆಯ ವರದಿಯಲ್ಲಿ ‘ಎಲ್‌ಡಿಎಲ್’ ಎಂಬ ಹೆಸರನ್ನು ನೀವು ಮೊದಲ ಸಲ ನೋಡುತ್ತಿದ್ದೀರಿ ಎಂದುಕೊಂಡು ಬುಡದಿಂದಲೇ ಆರಂಭಿಸೋಣ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದು ನಿಮಗೆ ಗೊತ್ತು. ರಕ್ತದಲ್ಲಿಯೂ ಕೊಬ್ಬು ತಾನಾಗಿ ಬೆರೆಯದು. ಆದ್ದರಿಂದ ದೇಹವು ಕೊಬ್ಬನ್ನೂ ಕೊಲೆಸ್ಟರಾಲನ್ನೂ ಪ್ರೋಟೀನು ಸುತ್ತುವರಿದ ಸೂಕ್ಷ್ಮ ಕಣಗಳಲ್ಲಿ ತುಂಬಿ ಕಳಿಸುತ್ತದೆ. ಈ ಕಣಗಳೇ ಲಿಪೊಪ್ರೋಟೀನುಗಳು. ಎಲ್‌ಡಿಎಲ್ ಅವುಗಳಲ್ಲೊಂದು ಬಗೆ. ಅದು ಹೆಚ್ಚಾಗಿ, ಬಹುಕಾಲ ಸುತ್ತುತ್ತಿದ್ದರೆ ರಕ್ತನಾಳದ ಗೋಡೆಯೊಳಗೆ ಸೇರಿ ಶೇಖರವಾಗುತ್ತದೆ.

ಈಗ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಎಂಬ ಔಷಧಗಳಿಗೆ ಬರೋಣ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಬೂಷ್ಟಿನಿಂದ ಮೊದಲ ಸ್ಟ್ಯಾಟಿನನ್ನು ಬೇರ್ಪಡಿಸಿದರು. ಯಕೃತ್ತು ಕೊಲೆಸ್ಟರಾಲ್ ತಯಾರಿಸಲು ಒಂದು ಕಿಣ್ವ ಬೇಕು. ಕಿಣ್ವವೆಂದರೆ ದೇಹದ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನು. ಸ್ಟ್ಯಾಟಿನ್ ತಡೆಯುವುದು ಇದನ್ನೇ. ತಯಾರಿಕೆ ತಗ್ಗಿದ್ದರಿಂದ ರಕ್ತದಲ್ಲೂ ತಗ್ಗಿತು ಎಂದು ನಿಮಗೆ ಅನ್ನಿಸಬಹುದು. ಮುಖ್ಯ ಕಾರಣ ಅದಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಈ ವಿಷಯದಲ್ಲಿ ನನಗೆ ತುಂಬ ಪ್ರಿಯವಾದ ಭಾಗವಿದು. ಒಳಗೆ ಕೊಲೆಸ್ಟರಾಲ್ ಸಾಲದಾದಾಗ ಯಕೃತ್ತಿನ ಜೀವಕೋಶಗಳು ತಮ್ಮ ಹೊರಮೈಯಲ್ಲಿ ಗ್ರಾಹಕಗಳನ್ನು, ಅಂದರೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಪ್ರೋಟೀನುಗಳನ್ನು, ಹೆಚ್ಚಿಸಿಕೊಳ್ಳುತ್ತವೆ. ರಕ್ತದಲ್ಲಿದ್ದ ಎಲ್‌ಡಿಎಲ್ ಯಕೃತ್ತಿಗೆ ಮರಳುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಇಳಿಕೆಯ ಬಹುಪಾಲು ಎರಡು ವಾರದಲ್ಲೇ ಕಾಣುತ್ತದೆ. ನಾಲ್ಕರಿಂದ ಆರು ವಾರಕ್ಕೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ವೈದ್ಯರು 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಮಾಡಿಸುವುದು ಅದಕ್ಕೇ. ಹೆಚ್ಚಿನ ಡೋಸ್‌ನ ಪ್ರಬಲ ಸ್ಟ್ಯಾಟಿನ್‌ಗಳು ಎಲ್‌ಡಿಎಲನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತವೆ. ಆದರೆ ಡೋಸ್ ಇಮ್ಮಡಿಯಾದರೆ ಇಳಿಕೆ ಇಮ್ಮಡಿಯಾಗದು, ಸುಮಾರು ಶೇ. 6ರಷ್ಟು ಮಾತ್ರ ಹೆಚ್ಚುತ್ತದೆ. ‘ಎಚ್‌ಡಿಎಲ್’ ಎಂಬ ಇನ್ನೊಂದು ಬಗೆಯ ಕಣ ತುಸುವೇ ಏರುತ್ತದೆ.

ರಕ್ತನಾಳಕ್ಕಾಗುವ ಲಾಭ ಮಾತ್ರ ವಾರಗಳ ಲೆಕ್ಕದ್ದಲ್ಲ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನವೊಂದು 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತ್ತು. ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಪಡೆದವರಲ್ಲಿ ಎಲ್‌ಡಿಎಲ್ ಶೇ. 35ರಷ್ಟು ಇಳಿಯಿತು, ಸಾವಿನ ಅಪಾಯ ಶೇ. 30ರಷ್ಟು ತಗ್ಗಿತು.

ವರದಿ ಸರಿಯಾಯಿತೆಂದು ಅನೇಕರು ಮಾತ್ರೆ ಬಿಡುತ್ತಾರೆ. ಹಾಗೆ ಬಿಟ್ಟಾಗ ಕಿಣ್ವ ಮತ್ತೆ ಕೆಲಸಕ್ಕೆ ತೊಡಗುತ್ತದೆ, ಗ್ರಾಹಕಗಳು ಕಡಿಮೆಯಾಗುತ್ತವೆ, ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಏರುತ್ತದೆ. ಸ್ನಾಯುನೋವಿನಂಥ ತೊಂದರೆ ಕಂಡು ನಿಲ್ಲಿಸಬೇಕೆನಿಸಿದರೆ ಮೊದಲು ನಿಮ್ಮ ವೈದ್ಯರೊಡನೆ ಮಾತಾಡಿ. ಅವರು ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು.