ಒಂದು ಕೋಳಿ, ಆರು ಜನ, ಒಂದು ಪುಟ್ಟಿ ಕರಟ

ಪ್ರಶ್ನೆ: ಅತ್ತೆ, ಮಾವ ಸೇರಿ ಮನೆಯಲ್ಲಿ ಆರು ಜನ ಇದ್ದೇವೆ. ಮಕ್ಕಳಿಗೆ ಕೆಂಡದಲ್ಲಿ ಸುಟ್ಟ ಕೋಳಿ, ಮಟನ್ ಎಂದರೆ ಪ್ರಾಣ. ಹೋಟೆಲಿನಿಂದ ಅಲ್ ಫಹಮ್ ತಂದರೆ ಒಂದೇ ಹೊತ್ತಿಗೆ ವಾರದ ತರಕಾರಿ ದುಡ್ಡು ಕರಗಿಹೋಗುತ್ತದೆ. ಮನೆಯಲ್ಲಿ ಸುಟ್ಟರೆ ಹೊರಗೆ ಕರಿ, ಒಳಗೆ ಹಸಿ. ಕಡಿಮೆ ಖರ್ಚಿನಲ್ಲಿ ರುಚಿಯಾಗಿ ಸುಡುವುದು ಹೇಗೆ? ಯಾವ ಮಾಂಸ ತರಬೇಕು?
– ಓದುಗರು, ಗುಂಡ್ಲುಪೇಟೆ

ಉತ್ತರ: ಊಟಿಗೂ ಸುಲ್ತಾನ್ ಬತ್ತೇರಿಗೂ ದಾರಿ ಕವಲೊಡೆಯುವ ಊರು ನಿಮ್ಮದು. ಕೇರಳದ ಕಡೆಯಿಂದ ಅಲ್ ಫಹಮ್ ಬಂದದ್ದು ಈಚೆಗೆ. ಅದಕ್ಕೂ ಮುಂಚಿನಿಂದ ನಿಮ್ಮ ಸೀಮೆಯಲ್ಲಿ ಕೆಂಡದ ಅಡುಗೆ ಇದ್ದೇ ಇದೆ. ಮರಿ ಕೊಯ್ದ ದಿನ ಸಾರು ಕುದಿಯುವ ಹೊತ್ತಿಗೆ ಈಲಿ ಸುಟ್ಟು ಮಕ್ಕಳ ಕೈಗೆ ಕೊಡುವುದು, ನಾಟಿ ಕೋಳಿಯ ಪುಕ್ಕ ಕಿತ್ತು ಅರಿಶಿನ ಹಚ್ಚಿ ಹುಲ್ಲಿನ ಉರಿಯಲ್ಲಿ ಸುಡುವುದು, ಒಣಗಿಸಿಟ್ಟ ಉಪ್ಪುಕಂಡವನ್ನು ಒಲೆಯ ಕೆಂಡಕ್ಕೆ ಹಾಕುವುದು, ಇವೆಲ್ಲ ನಿಮ್ಮ ಅತ್ತೆಯವರಿಗೆ ಚೆನ್ನಾಗಿ ಗೊತ್ತಿರುತ್ತವೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಶುರುಮಾಡಿ.

ಮೊದಲು ಖರ್ಚಿನ ಮಾತು. ತಂದ ಮಾಂಸವನ್ನೆಲ್ಲ ಸುಡಲು ಹೊರಟರೆ ಆರು ಜನಕ್ಕೆ ಯಾವತ್ತೂ ಸಾಲದು. ಸುಟ್ಟದ್ದು ನಂಚಿಕೊಳ್ಳುವುದಕ್ಕೆ, ಹೊಟ್ಟೆ ತುಂಬುವುದು ಹಿಟ್ಟು ಮತ್ತು ಸಾರಿನಿಂದ. ಇಷ್ಟು ಒಪ್ಪಿಕೊಂಡರೆ ಲೆಕ್ಕ ಹಗುರವಾಗುತ್ತದೆ. ಎರಡು ಕೆ.ಜಿ. ತೂಗುವ ಫಾರಂ ಕೋಳಿ ಚರ್ಮ ತೆಗೆದು ಶುಚಿಮಾಡಿದ ಮೇಲೆ ಸುಮಾರು 1.3 ಕೆ.ಜಿ. ಉಳಿಯುತ್ತದೆ. ಬರೀ ಬೋನ್‌ಲೆಸ್ ಕೊಳ್ಳಬೇಡಿ, ಇಡೀ ಕೋಳಿಯನ್ನೇ ತನ್ನಿ. ತೊಡೆ, ಕಾಲು, ಎದೆ, ರೆಕ್ಕೆ ಸುಡುವುದಕ್ಕೆ. ಬೆನ್ನು, ಕತ್ತು, ಗುಂಡಿಗೆ ಸಾರಿಗೆ. ಚರ್ಮ ತಿನ್ನುವ ಮನೆಯಾದರೆ ‘ವಿತ್ ಸ್ಕಿನ್’ ಕೇಳಿ. ಅದರ ಬೆಲೆ ಕಡಿಮೆ, ಸುಡುವಾಗ ಮಾಂಸ ಒಣಗುವುದೂ ಇಲ್ಲ.

ನಾಟಿ ಕೋಳಿಯನ್ನು ನೇರವಾಗಿ ಕೆಂಡಕ್ಕೆ ಹಾಕಬೇಡಿ. ಓಡಾಡಿ ಬೆಳೆದ ಹಕ್ಕಿ, ಮಾಂಸ ಗಟ್ಟಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಬಲಿತ ಕೋಳಿಗೂ ಇದೇ ಮಾತು. ಉಪ್ಪು, ಅರಿಶಿನ ಹಾಕಿ ಮುಕ್ಕಾಲು ಬೇಯಿಸಿ, ಆ ನೀರನ್ನು ಸಾರಿಗೆ ಇಟ್ಟುಕೊಂಡು, ತುಂಡುಗಳಿಗೆ ಮಸಾಲೆ ಹಚ್ಚಿ ಕೊನೆಗೆ ಸುಡಿ.

ಮಟನ್ ವಿಷಯಕ್ಕೆ ಬಂದರೆ, ಬಂಡೂರು ಕುರಿಯ ಹೆಸರು ನೀವು ಕೇಳಿರುತ್ತೀರಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರು ಪಡೆದ ಗಿಡ್ಡ ಕಾಲಿನ ಈ ತಳಿಯ ಮಾಂಸ ಮೃದು, ರುಚಿಯೂ ಹೆಚ್ಚು, ಬೆಲೆಯೂ ಹೆಚ್ಚು. ದಿನನಿತ್ಯದ ಸಂಸಾರಕ್ಕೆ ಅದು ಬೇಕಿಲ್ಲ. ಅಂಗಡಿಯಲ್ಲಿ ಕಾಲು ಕೆ.ಜಿ. ಈಲಿ, ಅರ್ಧ ಕೆ.ಜಿ. ಕೈಮ ಕೇಳಿ. ಈಲಿಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ, ಮೆಣಸಿನಪುಡಿ, ಅರಿಶಿನ, ಎಣ್ಣೆ ಸವರಿ ಸುಡಬೇಕು. ಉಪ್ಪನ್ನು ಕೊನೆಗೆ ಉದುರಿಸಿ. ನಾಲ್ಕೈದು ನಿಮಿಷದಲ್ಲಿ ಒಳಗಿನ ಹಸಿ ಕೆಂಪು ಹೋಗುತ್ತದೆ. ಅಲ್ಲಿಗೇ ತೆಗೆಯಿರಿ, ಹೆಚ್ಚು ಹೊತ್ತು ಬಿಟ್ಟರೆ ಗಟ್ಟಿಯಾಗುತ್ತದೆ. ಕೈಮಕ್ಕೆ ನೂರು ಗ್ರಾಂ ಹುರಿಗಡಲೆ ಪುಡಿ, ಹೆಚ್ಚಿದ ಸಣ್ಣ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ ಚೆನ್ನಾಗಿ ನಾದಿ. ನಮ್ಮ ಕೈಮದುಂಡೆಯ ಹದವೇ ಇದು. ಸಾರಿಗೆ ಬಿಡುವ ಬದಲು ವಡೆಯಂತೆ ತಟ್ಟಿ, ಎಣ್ಣೆ ಸವರಿದ ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲಿಡಿ. ಎಲೆ ಕಪ್ಪಾದ ಮೇಲೆ ಬಿಚ್ಚಿ, ಬರಿಯ ಜಾಲರಿಯ ಮೇಲೆ ಎರಡೂ ಮಗ್ಗುಲು ಕೆಂಪಗಾಗುವವರೆಗೆ ಸುಡಿ. ಅರ್ಧ ಕೆ.ಜಿ. ಕೈಮದಲ್ಲಿ ಆರು ಜನಕ್ಕೂ ಎರಡೆರಡು ದಕ್ಕುತ್ತವೆ.

ಇನ್ನೂ ಅಗ್ಗವಾಗಬೇಕೆಂದರೆ ಗುಡ್ಡೆ ಮಾಂಸದ ದಾರಿ ಹಿಡಿಯಿರಿ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಹಳ್ಳಿಗಳಲ್ಲಿ ಜನ ಸೇರಿ ಮರಿ ಕೊಯ್ದು, ಮಾಂಸ, ಮೂಳೆ, ಈಲಿ, ಕೊಬ್ಬು ಎಲ್ಲವೂ ಎಲ್ಲರಿಗೂ ಬರುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುವವರಿದ್ದಾರೆ. ಅದನ್ನು ಹಬ್ಬಕ್ಕೆ ಮಾತ್ರ ಏಕೆ ಮೀಸಲಿಡಬೇಕು? ನಾಲ್ಕು ಮನೆಯವರು ಸೇರಿ ತೆರಕಣಾಂಬಿ ಸಂತೆಯಲ್ಲೋ, ಕುರಿ ಸಾಕಿದವರ ಮನೆಯಲ್ಲೋ ಒಂದು ಮರಿ ಕೊಳ್ಳಿ. 20 ಕೆ.ಜಿ. ತೂಗುವ ಮರಿಯಲ್ಲಿ ಒಂಬತ್ತು, ಹತ್ತು ಕೆ.ಜಿ. ಮಾಂಸ ಸಿಗುತ್ತದೆ. ತಲೆ, ಕಾಲು, ಬೋಟಿ ಬೇರೆ. ಕೊಯ್ಯುವ ಕೆಲಸ ತಿಳಿದವರಿಗೇ ಕೊಟ್ಟು ಅವರ ಕೂಲಿ ಕೊಡಿ. ನಿಮ್ಮ ಪಾಲಿನ ಎಳೆಯ ತೊಡೆಮಾಂಸ, ಈಲಿ ಕೆಂಡಕ್ಕೆ, ಮೂಳೆಯೆಲ್ಲ ಸಾರಿಗೆ.

ಇನ್ನು ‘ಹೊರಗೆ ಕರಿ, ಒಳಗೆ ಹಸಿ’ ಎನ್ನುವ ನಿಮ್ಮ ತೊಂದರೆ. ಅದಕ್ಕೆ ಕಾರಣ ಮಸಾಲೆಯಲ್ಲ, ಉರಿ. ಜ್ವಾಲೆಯಲ್ಲಿ ಸುಡಬಾರದು, ಕೆಂಡದಲ್ಲಿ ಸುಡಬೇಕು. ತೆಂಗಿನ ಕರಟ ಇದಕ್ಕೆ ಹೇಳಿ ಮಾಡಿಸಿದ್ದು. ಕಾವು ಜಾಸ್ತಿ, ಬೂದಿ ಕಡಿಮೆ, ದುಡ್ಡು ಕೊಡಬೇಕಿಲ್ಲ. ಅಡುಗೆಮನೆಯಲ್ಲಿ ದಿನಾ ಉಳಿಯುವ ಕರಟವನ್ನು ಒಣಗಿಸಿ ಕೂಡಿಟ್ಟರೆ ತಿಂಗಳಿಗೆ ಒಂದು ಪುಟ್ಟಿಯಾಗುತ್ತದೆ. ತೆಂಗಿನ ನಾರಿನಿಂದ ಹೊತ್ತಿಸಿ. ಸೀಮೆಎಣ್ಣೆ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಬೇಡವೇ ಬೇಡ. ಉರಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆ ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಕಾವು ಹೆಚ್ಚು. ನಾಲ್ಕೈದು ಎಣಿಸಲು ಆದರೆ ಹದ ಸರಿ.

ಎರಡು ಸಾಲು ಒಣ ಇಟ್ಟಿಗೆ ಜೋಡಿಸಿದರೆ ಒಲೆ ಸಿದ್ಧ. ಕೆಂಡವನ್ನೆಲ್ಲ ಒಂದು ಬದಿಗೆ ಎಳೆದು, ಇನ್ನೊಂದು ಬದಿ ಖಾಲಿ ಬಿಡಿ. ಕೋಳಿ ತುಂಡುಗಳನ್ನು ಮೊದಲು ಕೆಂಡದ ಮೇಲಿಟ್ಟು ಮಗ್ಗುಲು ಕೆಂಪಗೆ ಮಾಡಿ, ಆಮೇಲೆ ಖಾಲಿ ಬದಿಗೆ ಸರಿಸಿ ಒಂದು ಹಳೆಯ ಬಾಣಲೆ ಬೋರಲು ಹಾಕಿ ಮುಚ್ಚಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಾಗಲೂ ಮಾಂಸವನ್ನು ಆ ಬದಿಗೇ ಎಳೆಯಿರಿ. ಐದೈದು ನಿಮಿಷಕ್ಕೆ ತಿರುವುತ್ತಿದ್ದರೆ ಎದೆಯ ತುಂಡು ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ, ತೊಡೆ ಮೂವತ್ತೈದು, ನಲವತ್ತು ನಿಮಿಷಕ್ಕೆ ಬೇಯುತ್ತದೆ. ಕೀಲಿನ ಹತ್ತಿರ ಚಾಕು ಚುಚ್ಚಿ ನೋಡಿ. ಬರುವ ರಸ ತಿಳಿಯಾಗಿರಬೇಕು, ಒಳಗಿನ ಮಾಂಸ ಹಸಿಯಾಗಿ ಕಾಣಬಾರದು. ಸುಟ್ಟು ಕರಕಲಾದ ಭಾಗವನ್ನು ಮಕ್ಕಳಿಗೆ ಕೊಡಬೇಡಿ, ಕೆರೆದು ತೆಗೆಯಿರಿ.

ಜಾಲರಿಗೆ ಸ್ಟೀಲಿನದ್ದೇ ತನ್ನಿ. ಕೋಳಿಗೂಡಿಗೆ ಹೊಡೆಯುವ ಜಿಂಕ್ ಲೇಪದ ತಂತಿ ಬಲೆ ಅಗ್ಗವೆಂದು ಬಳಸಬೇಡಿ. ಸೈಕಲ್ ಕಡ್ಡಿಗೆ ಮಾಂಸ ಪೋಣಿಸುವ ರೂಢಿಯೂ ಇದೆ, ಅದಕ್ಕೂ ಲೇಪವಿರುತ್ತದೆ. ಕಾವಿಗೆ ಲೇಪದ ಹೊಗೆ ಮಾಂಸ ಸೇರುತ್ತದೆ. ಕಣಗಲೆ ಕಡ್ಡಿಯಂತೂ ವಿಷ. ಬಿದಿರ ಕಡ್ಡಿ ನೆನೆಸಿ ಬಳಸಿ.

ಮಸಾಲೆಗೆ ನಿಮ್ಮ ತಾಲ್ಲೂಕೇ ಸಾಕು. ಅರಿಶಿನ, ಸಣ್ಣ ಈರುಳ್ಳಿ ನಿಮ್ಮ ಹೊಲಗಳಲ್ಲೇ ಬೆಳೆಯುತ್ತವೆ. ಸುಡಲು ತೆಗೆದಿಟ್ಟ ಸುಮಾರು 900 ಗ್ರಾಂ ಕೋಳಿಗೆ ಹತ್ತು ಸಣ್ಣ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಆರು ಹಸಿಮೆಣಸಿನಕಾಯಿ, ಒಂದು ಟೀ ಚಮಚ ಕಾಳುಮೆಣಸು, ಎರಡು ಟೀ ಚಮಚ ದನಿಯ, ಅರ್ಧ ಚಮಚ ಅರಿಶಿನ ಅರೆದು, ಅರ್ಧ ಬಟ್ಟಲು ಗಟ್ಟಿ ಮೊಸರು, ಎರಡು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಕಲಸಿ. ತೊಡೆಗೆ ಮೂಳೆ ತಾಗುವವರೆಗೆ ಮೂರು ಕಚ್ಚು ಹಾಕಿ, ಕಚ್ಚಿನೊಳಕ್ಕೂ ಮಸಾಲೆ ತುಂಬಿ. ಫ್ರಿಜ್ ಇದ್ದರೆ ನಾಲ್ಕೈದು ಗಂಟೆ, ಇಲ್ಲದಿದ್ದರೆ ತಣ್ಣನೆಯ ಜಾಗದಲ್ಲಿ ಒಂದೇ ಗಂಟೆ ಸಾಕು. ಮಟನ್ ತುಂಡಾದರೆ ಕೆ.ಜಿ.ಗೆ ಒಂದು ದೊಡ್ಡ ಚಮಚ ಅರೆದ ಪರಂಗಿಕಾಯಿ ಸೇರಿಸಿ, ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಮಾಂಸ ಹಿಟ್ಟಾಗುತ್ತದೆ. ಹಸಿ ಮಾಂಸ ಇಟ್ಟ ತಟ್ಟೆಗೆ ಸುಟ್ಟದ್ದನ್ನು ಹಾಕಬೇಡಿ.

ಕೊನೆಯದಾಗಿ, ಕಾಡಿನ ಅಂಚಿನ ತಾಲ್ಲೂಕು ನಿಮ್ಮದು ಎಂಬುದನ್ನು ನೆನಪಿಡಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹೊತ್ತಿದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ಬೇಸಿಗೆಯಲ್ಲಿ ಕಾಡಂಚಿನ ಹೊಲದಲ್ಲಿ, ಒಣಹುಲ್ಲಿನ ಬಳಿ ಒಲೆ ಹೂಡಬೇಡಿ. ಕಾಡಿನಿಂದ ಸೌದೆ ತರಬೇಡಿ. ಯಾರಾದರೂ ಕಾಡುಮಾಂಸ ಅಗ್ಗಕ್ಕೆ ಕೊಡುತ್ತೇನೆಂದರೆ ಬಾಗಿಲಲ್ಲೇ ಬೇಡವೆನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕೆಂಡವನ್ನು ಮುಚ್ಚಿದ ಕೋಣೆಯೊಳಗೆ ಇಡಬೇಡಿ, ಅದರ ಅನಿಲಕ್ಕೆ ವಾಸನೆಯಿಲ್ಲ, ಪ್ರಾಣಕ್ಕೆ ಅಪಾಯ. ಕೆಲಸ ಮುಗಿದ ಮೇಲೆ ನೀರು ಸುರಿದು, ಕಡ್ಡಿಯಲ್ಲಿ ಕೆದಕಿ, ಕೆಂಡ ಪೂರ್ತಿ ಆರಿದ್ದನ್ನು ನೋಡಿಯೇ ಏಳಿ.

ನಿಮ್ಮದೇ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿಸೇವೆಯ ದಿನ ಜನ ಬಯಲಲ್ಲೇ ಒಲೆ ಹೂಡಿ ಬಾಡೂಟ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಬಾಡೂಟ ಹಂಚಿ ಉಂಡರೇ ಚೆಂದ. ಈ ಭಾನುವಾರ ಒಂದೇ ಕೋಳಿಯಿಂದ ಶುರುಮಾಡಿ, ಸಾರಿಗೆ ಹಿಟ್ಟು ತೊಳಸಿ, ಪಕ್ಕದ ಮನೆಯ ಮಕ್ಕಳನ್ನೂ ಕರೆಯಿರಿ. ಹೀಗೆ ಮಾಡಿದರೆ ಖಂಡಿತ ಸಾಲುತ್ತದೆ.